ಐದು ನಿಮಿಷದ ಕೆಲಸಕ್ಕೆ ಏಳ್ನೂರು ರೂಪಾಯಿ!

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನ ರಿಲೀಸು, ಊರಲ್ಲಿ ಮದುವೆ, ಜೊತೆಗೆ ಹುಟ್ಟು ಸೋಮಾರಿತನ... ಕಾರಣಗಳಿಗೇನು ಬರ. ಇವತ್ತು ಮಾತ್ರ ಸಿಟ್ಟು ಬಂದು ಬರೆಯೋಕೆ ಕೂತಿದೀನಿ. ಖಾರ ಜಾಸ್ತಿ ಅನ್ನಿಸಿದ್ರೆ ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಕೊಳ್ಳಿ.

ವಿಷಯ ಇಷ್ಟೇ. ನಮ್ಮ ಕಾಲೇಜು ಗೆಳೆಯರ ಗುಂಪಿನಲ್ಲಿ ಒಬ್ಬ ಮಹಾಶಯ ಕಳೆದ ವಾರ ದೊಡ್ಡ ಗೋಳು ತೋಡಿಕೊಂಡ. ಬೀಗದಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡುಬಿಟ್ಟಿದ್ದಾನೆ. ರಾತ್ರಿ ಹತ್ತೂವರೆ. ಯಾರನ್ನೋ ಕೇಳಿ ಬೀಗ ತೆಗೆಯೋನನ್ನು ಕರೆಸಿದ್ದಾನೆ. ಅವನು ಎಲ್ಲಿಂದಲೋ ಸ್ಕೂಟರಿನಲ್ಲಿ ಬಂದ, ಬಗ್ಗಿದ, ಐದೇ ನಿಮಿಷದಲ್ಲಿ ಬಾಗಿಲು ತೆಗೆದ, ಏಳ್ನೂರು ರೂಪಾಯಿ ಕೇಳಿದ. 'ಹಗಲು ದರೋಡೆ' ಅಂತ ನಮ್ಮವನ ತೀರ್ಪು. (ರಾತ್ರಿ ಹತ್ತೂವರೆಗೆ ಹಗಲು ದರೋಡೆ ಹೇಗೆ ಆಗುತ್ತೋ, ಇರ್ಲಿ.) ಕೆಳಗೆ ಹದಿನೇಳು ಜನ 'ಹೌದ್ಹೌದು, ಇವರದ್ದೆಲ್ಲ ಇದೇ ಆಯ್ತು' ಅಂತ ತಲೆ ಆಡಿಸಿದ್ದಾರೆ. ಹದಿನೇಳಕ್ಕೆ ಹದಿನೇಳೂ ನಮ್ಮದೇ ಸಾಫ್ಟ್‌ವೇರ್ ಜಾತಿ.

ಈಗ ಒಂದು ಪ್ರಶ್ನೆ. ಅದೇ ಮನುಷ್ಯ ಒಂದೂವರೆ ಗಂಟೆ ಬಾಗಿಲ ಮುಂದೆ ಬೆವರು ಸುರಿಸಿ, ನಾಲ್ಕು ಸಲ ನಿಟ್ಟುಸಿರು ಬಿಟ್ಟು, ಕೊನೆಗೆ ಡ್ರಿಲ್ ಹಾಕಿ ಬೀಗವನ್ನೇ ಹಾಳು ಮಾಡಿ ಬಾಗಿಲು ತೆಗೆದಿದ್ರೆ? ನಮ್ಮವನು ಏಳ್ನೂರು ಕೊಟ್ಟು, ಮೇಲೆ ಕಾಫಿಗೆ ಅಂತ ಐವತ್ತು ಸೇರಿಸಿ, ಹೊಸ ಬೀಗಕ್ಕೆ ಇನ್ನೆರಡು ಸಾವಿರ ಖುಷಿಯಿಂದ ಸುರಿಯುತ್ತಿದ್ದ. 'ಪಾಪ, ಎಷ್ಟು ಕಷ್ಟಪಟ್ಟ' ಅನ್ನುತ್ತಿದ್ದ. ಅಂದ್ರೆ ನಾವು ದುಡ್ಡು ಕೊಡೋದು ಕೆಲಸ ಬಾರದೇ ಇರೋದಕ್ಕೆ. ಕೆಲಸ ಬಂದ್ರೆ ಅದು ದರೋಡೆ.

ಇದೇ ಮಹಾಶಯ ಹೋದ ವರ್ಷ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಒಂದೇ ಒಂದು ಕಾನ್ಫಿಗ್ ಸಾಲು ಬದಲಾಯಿಸಿ ಎಬ್ಬಿಸಿ ನಿಲ್ಲಿಸಿದ್ದ. ಹತ್ತು ನಿಮಿಷದ ಕೆಲಸ. ಅದಕ್ಕೆ ಅವನಿಗೆ ಸ್ಪಾಟ್ ಅವಾರ್ಡು, ಮ್ಯಾನೇಜರಿನಿಂದ ಇಡೀ ಟೀಮಿಗೆ ಮೇಲ್. 'ಹತ್ತು ನಿಮಿಷಕ್ಕೆ ಇಷ್ಟಾ?' ಅಂತ ಅವನ ಕಂಪನಿ ಚೌಕಾಸಿ ಮಾಡಲಿಲ್ಲ. ರಾತ್ರಿ ಎದ್ದು ಲ್ಯಾಪ್‌ಟಾಪ್ ತೆರೆದರೆ ಅದಕ್ಕೆ ಆನ್-ಕಾಲ್ ಭತ್ಯೆ ಅಂತ ಬೇರೆ ಹೆಸರಿದೆ. ಆ ಬೀಗದವನೂ ಆ ರಾತ್ರಿ ಆನ್-ಕಾಲ್ ಇದ್ದ ಕಣಪ್ಪಾ. ಪೆಟ್ರೋಲೂ ಅವನದ್ದೇ, ಸ್ಕೂಟರೂ ಅವನದ್ದೇ, ದಾರಿಯಲ್ಲಿ ಪೊಲೀಸು ನಿಲ್ಲಿಸಿ 'ಈ ಸಾಮಾನು ಯಾಕಪ್ಪಾ ನಿನ್ ಹತ್ರ' ಅಂದ್ರೆ ಉತ್ತರ ಕೊಡಬೇಕಾದವನೂ ಅವನೇ.

ಆ ಐದು ನಿಮಿಷದಲ್ಲಿ ಅವನು ಮಾಡೋದೇನು ಅಂತ ನೋಡಿ. ನಮ್ಮ ಮನೆ ಬಾಗಿಲುಗಳಲ್ಲಿ ಹೆಚ್ಚಾಗಿ ಇರೋದು ಪಿನ್ ಟಂಬ್ಲರ್ ಬೀಗ. ಇದರ ಇವತ್ತಿನ ರೂಪಕ್ಕೆ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ತಗೊಂಡ. ಒಳಗೆ ಒಂದರ ಪಕ್ಕ ಒಂದು ಐದಾರು ಜೋಡಿ ಪಿನ್ನು, ಪ್ರತಿಯೊಂದರ ತಲೆ ಮೇಲೆ ಒಂದು ಸ್ಪ್ರಿಂಗು. ಸರಿಯಾದ ಬೀಗದಕೈ ಹಾಕಿದಾಗ ಎಲ್ಲ ಜೋಡಿಗಳ ಸಂದೂ ಒಂದೇ ಗೆರೆಗೆ ಬಂದು ನಿಲ್ಲುತ್ತೆ, ಸಿಲಿಂಡರ್ ತಿರುಗುತ್ತೆ. ಒಂದು ಪಿನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ್ರೂ ತಿರುಗಲ್ಲ. ಇದನ್ನು ಬೀಗದಕೈ ಇಲ್ಲದೆ ತೆಗೆಯೋನು ಕಣ್ಣಿಗೆ ಕಾಣದ್ದನ್ನು ಬೆರಳ ತುದಿಯಲ್ಲಿ ನೋಡ್ತಾನೆ. ಯಾವ ಪಿನ್ನು ಬಿಗಿ, ಯಾವುದು ಕೂತಿತು, ಯಾವುದು ಕೂತಂಗೆ ನಾಟಕ ಮಾಡ್ತಿದೆ... ಅಷ್ಟನ್ನೂ ಒಂದು ತಂತಿ ಅವನಿಗೆ ಹೇಳುತ್ತೆ.

ಬೀರುವಿನ ಬೀಗದಕೈ ಕಳೆದಾಗ ಮನೆಗೆ ಬರೋ ಬೀದಿಯ ಬೀಗದವನನ್ನು ಯಾವತ್ತಾದ್ರೂ ಪಕ್ಕದಲ್ಲಿ ಕೂತು ನೋಡಿದೀರಾ? ಹಲ್ಲಿಲ್ಲದ ಖಾಲಿ ಬೀಗದಕೈ ತಗೋತಾನೆ, ಬೆಂಕಿಕಡ್ಡಿ ಗೀರಿ ಅದಕ್ಕೆ ಮಸಿ ಹಿಡಿಸ್ತಾನೆ, ಒಳಗೆ ಹಾಕಿ ಒಂದು ಸಲ ತಿರುವಿ ಹೊರಗೆ ತೆಗೀತಾನೆ. ಮಸಿಯ ಮೇಲೆ ಎಲ್ಲೆಲ್ಲಿ ಗೀರು ಬಿದ್ದಿದೆಯೋ ಅಲ್ಲಿ ಅರದಿಂದ ಎರಡು ಸಲ ಉಜ್ಜುತ್ತಾನೆ. ಮತ್ತೆ ಹಾಕ್ತಾನೆ, ತೆಗೀತಾನೆ, ಉಜ್ಜುತ್ತಾನೆ. ಕಾಲು ಗಂಟೆಯಲ್ಲಿ ಬೀಗವೇ ತನ್ನ ಬೀಗದಕೈ ಹೇಗಿರಬೇಕು ಅಂತ ಅವನಿಗೆ ಹೇಳಿಬಿಟ್ಟಿರುತ್ತೆ. ಸೋರ್ಸ್ ಕೋಡ್ ಇಲ್ಲದ ಸಿಸ್ಟಮ್ಮಿಗೆ ಇನ್‌ಪುಟ್ ಕೊಟ್ಟು, ಔಟ್‌ಪುಟ್ ನೋಡಿ, ಒಳಗೇನಿದೆ ಅಂತ ಕಂಡುಹಿಡಿಯೋದಕ್ಕೆ ನಮ್ಮಲ್ಲಿ ರಿವರ್ಸ್ ಎಂಜಿನಿಯರಿಂಗ್ ಅಂತ ಘನವಾದ ಹೆಸರಿದೆ. ಇವನದ್ದಕ್ಕೆ 'ಬೀಗ ರಿಪೇರಿ'. (ಅಂದ ಹಾಗೆ, ಧಾರವಾಡದ ಕಡೆಯವರಿಗೆ ಬೀಗ ಅಂದ್ರೆ ಕೀಲಿ, ಬೀಗದಕೈ ಅಂದ್ರೆ ಕೀಲಿಕೈ. ನಾವು ದಿನಾ ಕುಟ್ಟೋ ಕೀಬೋರ್ಡಿಗೆ ಕೀಲಿಮಣೆ ಅಂತ ಕನ್ನಡ ಮಾಡಿಕೊಂಡೆವು. ಪದ ಬೇಕು, ಕೀಲಿಯವನು ಮಾತ್ರ ಬೇಡ!)

'ಆದ್ರೂ ಅವರನ್ನ ನಂಬೋಕಾಗಲ್ಲ' ಅನ್ನೋದು ಆ ಹದಿನೇಳು ಜನರಲ್ಲಿ ಒಬ್ಬನ ಮಾತು. ಬೀಗ ತೆಗೆಯೋಕೆ ಬರುತ್ತೆ ಅಂದ್ರೆ ಅರ್ಧ ಕಳ್ಳ ಅಂತ ನಮ್ಮ ಲೆಕ್ಕ. ಈ ಅನುಮಾನ ಹಳೇದು. ಲಂಡನ್ನಿನಲ್ಲಿ ಬ್ರಾಮಾ ಅನ್ನೋ ಕಂಪನಿ ತನ್ನ ಬೀಗವನ್ನು ಅಂಗಡಿ ಕಿಟಕಿಯಲ್ಲಿಟ್ಟು, ಇದನ್ನು ತೆಗೆದವರಿಗೆ 200 ಗಿನಿ ಅಂತ ಸವಾಲು ಹಾಕಿತ್ತು. ಅರವತ್ತು ವರ್ಷ ಯಾರ ಕೈಲೂ ಆಗಲಿಲ್ಲ. 1851ರ ಮಹಾಪ್ರದರ್ಶನಕ್ಕೆ ಅಂತ ಬಂದ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಹಾಬ್ಸ್ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆಗೆದ. ಇಂಥದ್ದನ್ನೆಲ್ಲ ಬಹಿರಂಗ ಮಾಡಿದ್ರೆ ಕಳ್ಳರಿಗೆ ಪಾಠ ಹೇಳಿದಂಗಲ್ವಾ ಅಂದವರಿಗೆ ಅವನ ವಾದ ಸರಳವಾಗಿತ್ತು: ಕಳ್ಳರಿಗೆ ಇದು ಆಗಲೇ ಗೊತ್ತು, ಗೊತ್ತಿಲ್ಲದಿರೋದು ಬೀಗ ಕೊಳ್ಳೋರಿಗೆ. ಇವತ್ತು ನಮ್ಮ ಸಾಫ್ಟ್‌ವೇರಿನಲ್ಲಿ ಅದೇ ಕೆಲಸ ಮಾಡಿದವರಿಗೆ ಬಗ್ ಬೌಂಟಿ ಕೊಟ್ಟು ವೇದಿಕೆ ಹತ್ತಿಸ್ತೀವಿ. ಬೀದಿ ಬದಿ ಬೀಗದವನಿಗೆ ಮಾತ್ರ 'ಸರ್ವಿಸ್ ಲಿಫ್ಟಿನಲ್ಲಿ ಹೋಗು'.

ಬೆಂಗಳೂರಿನಲ್ಲಿ, ಉತ್ತರ ಕರ್ನಾಟಕದ ಊರುಗಳಲ್ಲಿ ಸೈಕಲ್ಲಿಗೆ ಬೀಗದಕೈ ಗೊಂಚಲು ಕಟ್ಟಿಕೊಂಡು ಓಡಾಡೋ ಸಿಕ್ಲಿಗಾರ್ ಸಿಖ್ಖರನ್ನು ನೀವು ನೋಡಿರಬಹುದು. ಆಯುಧ ಮಾಡೋದು, ಸಾಣೆ ಹಿಡಿಯೋದು ಅವರ ಪೂರ್ವಿಕರ ಕೆಲಸ. ಹೆಸರು ಬಂದಿರೋದೇ 'ಹೊಳಪು ಕೊಡೋನು' ಅನ್ನೋ ಅರ್ಥದ ಪರ್ಷಿಯನ್ ಪದದಿಂದ. ಕತ್ತಿಯ ಕಾಲ ಹೋಯ್ತು, ಅರ ಹಿಡಿಯೋ ಕೈ ಉಳೀತು. ನಮ್ಮಲ್ಲಿ ಎಷ್ಟು ಜನ ಅವರನ್ನು 'ಎಲ್ಲಿಯವರು ನೀವು' ಅಂತ ಕೇಳಿದೀವಿ? ನಾವು ಕೇಳಿರೋದು 'ಇಪ್ಪತ್ತಕ್ಕೆ ಮಾಡ್ಕೊಡ್ತೀಯಾ' ಅಂತ.

ಇಲ್ಲಿ ಬ್ಲಾಗಿಗ ಬಂಧುಗಳಿಗೂ ಒಂದು ಮಾತು ಹೇಳಬೇಕು, ಬೇಜಾರಾಗಬೇಡಿ. ನಮ್ಮ ಕನ್ನಡ ಬ್ಲಾಗುಗಳಲ್ಲಿ ನಮ್ಮೂರ ಕಮ್ಮಾರ, ನಮ್ಮೂರ ಕುಲುಮೆ, ಬಡಗಿ ಅಜ್ಜನ ಉಳಿ, ತಿದಿ ಒತ್ತೋ ಸದ್ದು, ಕೆಂಪಗೆ ಕಾದ ಕುಡ... ಇವುಗಳ ಮೇಲೆ ಲೆಕ್ಕವಿಲ್ಲದಷ್ಟು ಲೇಖನ ಬಂದಿವೆ. ಓದಿ ನಾನೂ ಕಣ್ಣು ಒದ್ದೆ ಮಾಡಿಕೊಂಡಿದೀನಿ. ಆದ್ರೆ ಅದೇ ಬಡಗಿಯ ಮೊಮ್ಮಗ ಬೆಂಗಳೂರಿಗೆ ಬಂದು ನಮ್ಮ ವಾರ್ಡ್‌ರೋಬಿನ ಕೀಲು ಕೂರಿಸೋಕೆ ನಾನೂರು ಕೇಳಿದ ತಕ್ಷಣ ಕಣ್ಣೀರು ಆರಿಹೋಗುತ್ತೆ. ಕಸುಬು ನೆನಪಾಗಿ ಇದ್ದಷ್ಟು ಕಾಲ ಚಂದ, ಬಿಲ್ಲಾಗಿ ಬಂದ್ರೆ ದುಬಾರಿ.

ಆ ಹಳ್ಳಿಯ ಲೆಕ್ಕವನ್ನೇ ಸ್ವಲ್ಪ ನೋಡೋಣ. ಹಿಂದೆ ಊರಿಗೆ ಹನ್ನೆರಡು ಆಯಗಾರರು ಅಂತ ಇರ್ತಿದ್ರು. ಅದರಲ್ಲಿ ಕಮ್ಮಾರ, ಬಡಗಿ, ಕೆರೆ ತೂಬು ನೋಡಿಕೊಳ್ಳೋ ನೀರಗಂಟಿ ಎಲ್ಲ ಸೇರಿದ್ರು. ನೇಗಿಲು ಮುರಿದಾಗಲೆಲ್ಲ ದುಡ್ಡಿನ ಮಾತಿಲ್ಲ. ವರ್ಷಪೂರ್ತಿ ರಿಪೇರಿ ಅವರ ಜವಾಬ್ದಾರಿ, ಸುಗ್ಗಿಯಲ್ಲಿ ಕಣದಲ್ಲೇ ಆಯ ಅಂತ ಧಾನ್ಯ ಅಳೆದು ಕೊಡಬೇಕಾದ್ದು ರೈತನ ಜವಾಬ್ದಾರಿ. ಈಗಿನ ಭಾಷೆಯಲ್ಲಿ ಎಎಂಸಿ! ಅದನ್ನು ಸ್ವರ್ಗ ಅಂತ ನಾನು ಹೇಳ್ತಿಲ್ಲ. ಯಾರ ಮಗ ಏನು ಮಾಡಬೇಕು ಅಂತ ಹುಟ್ಟಿಗೆ ಮುಂಚೆಯೇ ಬರೆದಿಟ್ಟ ವ್ಯವಸ್ಥೆ ಅದು, ಮೇಲಿನವನು ಅಳೆದಷ್ಟೇ ಆಯ. ಹೋಗಿದ್ದು ಒಳ್ಳೇದೇ ಆಯ್ತು. ಆದ್ರೆ ಸಾಮಾನು ಕೆಟ್ಟಾಗ ಮಾತ್ರ ಅಲ್ಲ, ಕೆಡದ ಹಾಗೆ ನೋಡಿಕೊಳ್ಳೋಕೂ ಕೂಲಿ ಕೊಡಬೇಕು ಅನ್ನೋ ತಿಳಿವಳಿಕೆ ಆ ಊರಿಗಿತ್ತು. ನಮ್ಮ ಅಪಾರ್ಟ್‌ಮೆಂಟಿಗಿಲ್ಲ.

ಸರ್ಕಾರಕ್ಕಾದ್ರೂ ಇದೆಯಾ? 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಅಂತ ಯೋಜನೆ ಶುರು ಮಾಡ್ತು. ಹದಿನೆಂಟು ಕಸುಬುಗಳ ಪಟ್ಟಿ. ಬಡಗಿ, ಕಮ್ಮಾರ, ಗಾರೆಯವರ ಜೊತೆ ಬೀಗ ಮಾಡೋರ ಹೆಸರೂ ಇದೆ. ಪ್ರಮಾಣಪತ್ರ, ಗುರುತಿನ ಚೀಟಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ. ಒಳ್ಳೇದೇ, ಸಿಗೋರು ತಗೊಳ್ಳಲಿ. ಆದ್ರೆ ಮೂಲ ತರಬೇತಿ ಎಷ್ಟು ದಿನ ಗೊತ್ತಾ? ಐದರಿಂದ ಏಳು ದಿನ, ದಿನಕ್ಕೆ 500 ರೂಪಾಯಿ ಭತ್ಯೆ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರಿಗೆ ರಜೆ ಅರ್ಜಿ ಹಾಕೋ ಪೋರ್ಟಲ್ಲು ಅರ್ಥವಾಗೋಕೆ ಅಷ್ಟು ದಿನ ಬೇಕು. ಯೋಜನೆಯ ಭಾಷೆಯೂ ಕುಟುಂಬದ ಕಸುಬು, ಗುರು-ಶಿಷ್ಯ ಪರಂಪರೆ ಅಂತಲೇ ಸಾಗುತ್ತೆ. ಇದು ಕುಲಕಸುಬಿಗೆ ಮರಳಿಸೋ ಹಾದಿ ಅಂತ ತಮಿಳುನಾಡು ಸರ್ಕಾರ 2024ರ ನವೆಂಬರಿನಲ್ಲಿ, ಇದ್ದ ರೂಪದಲ್ಲಿ ಜಾರಿ ಮಾಡಲ್ಲ ಅಂದಿತ್ತು. ನನಗೆ ರಾಜಕೀಯ ಬೇಡ. ಆದ್ರೆ ವಿದ್ಯೆ ರಕ್ತದಲ್ಲಿದೆ ಅಂತ ಒಪ್ಪಿಕೊಂಡುಬಿಟ್ರೆ ಪಾಠ ಯಾಕೆ, ಪಠ್ಯ ಯಾಕೆ, ಪರೀಕ್ಷೆ ಯಾಕೆ, ಕೊನೆಗೆ ಸಂಬಳದಲ್ಲಿ ಏರಿಕೆ ಯಾಕೆ? ಈ ಪ್ರಶ್ನೆ ನನ್ನನ್ನು ಬಿಡ್ತಿಲ್ಲ.

ವಿದ್ಯೆ ರಕ್ತದಲ್ಲಿಲ್ಲ. ಇದಕ್ಕೆ ನಮ್ಮ ಮನೆಯ ಗೀಸರ್ ಸಾಕ್ಷಿ.

ಹೋದ ಮಳೆಗಾಲದಲ್ಲಿ ಗೀಸರ್ ಸ್ವಿಚ್ ಹಾಕಿದ ತಕ್ಷಣ ಇಡೀ ಮನೆ ಕತ್ತಲೆ. ಆರ್‌ಸಿಸಿಬಿ ಟ್ರಿಪ್. ಆ್ಯಪಿನಲ್ಲಿ ಕರೆಸಿದ ಹುಡುಗ ಗೀಸರಿನ ಎಲಿಮೆಂಟ್ ಹೋಗಿದೆ, ಬದಲಾಯಿಸಬೇಕು ಅಂದ. ಬದಲಾಯಿಸಿಯೂ ಆಯ್ತು, ಮತ್ತೆ ಟ್ರಿಪ್. ಎರಡನೆಯವನು ಬಂದು 'ಸಾರ್, ಈ ಆರ್‌ಸಿಸಿಬಿಯೇ ತೊಂದರೆ, ತೆಗೆದು ಡೈರೆಕ್ಟ್ ಕೊಟ್ಬಿಡ್ತೀನಿ' ಅಂದ. ಶಾಕ್ ಹೊಡೆದಾಗ ಜೀವ ಉಳಿಸೋ ಸಾಧನವನ್ನೇ ಕಿತ್ತು ಪಕ್ಕಕ್ಕಿಡೋ ಸಲಹೆ! ಕೈ ಮುಗಿದು ಕಳಿಸಿದೆ.

ಮೂರನೆಯವರು ನಮ್ಮ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್. ಅರಸೀಕೆರೆ ಕಡೆಯವರು, ನಲವತ್ತು ದಾಟಿದೆ, ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಓದಿ ವೈರ್‌ಮನ್ ಪರ್ಮಿಟ್ ತಗೊಂಡವರು. ಬಂದವರೇ ಗೀಸರ್ ಕಡೆ ನೋಡಲೂ ಇಲ್ಲ. 'ಮಳೆ ಬಂದ್ ದಿನ ಮಾತ್ರಾನಾ ಸಾರ್ ಇದು?' ಅಂತ ಕೇಳಿದ್ರು. ಯೋಚನೆ ಮಾಡಿದ್ರೆ, ಹೌದು!

ಆರ್‌ಸಿಸಿಬಿ ಮಾಡೋದು ಒಂದೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ? ಮನೆಗೆ ಹಾಕೋದರಲ್ಲಿ ವ್ಯತ್ಯಾಸ 30 ಮಿಲಿಆಂಪ್ ಆಯ್ತು ಅಂದ್ರೆ ಕಟ್. ಈಗ ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿಯೇ ಒದ್ದೆಯಾಗಿ ಅರ್ಥಿಗೆ ತಾಗಿದೆ ಅನ್ಕೊಳ್ಳಿ. ಮನೆಯಲ್ಲಿ ಏನೂ ಓಡದೇ ಇದ್ದಾಗ ಗೊತ್ತೇ ಆಗಲ್ಲ. ಗೀಸರಿನಂಥ ದೊಡ್ಡ ಲೋಡು ಹಾಕಿದಾಗ ವಾಪಸ್ ಬರೋ ಕರೆಂಟಿನಲ್ಲಿ ಒಂದು ಪಾಲು ಆ ಒದ್ದೆ ದಾರಿ ಹಿಡಿದು ಭೂಮಿಗೆ ಹೋಗುತ್ತೆ, ಲೆಕ್ಕ ತಪ್ಪುತ್ತೆ, ಟ್ರಿಪ್. ತಪ್ಪು ಮಾಡಿದ ಸರ್ಕ್ಯೂಟಿನ ಎಂಸಿಬಿ ಆಫ್ ಮಾಡಿದ್ರೂ ಉಪಯೋಗವಿಲ್ಲ. ಯಾಕಂದ್ರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹಾಕೋ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತೆ, ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತೆ. 'ಒಂದೊಂದೇ ಆಫ್ ಮಾಡಿ ನೋಡೋಣ' ಅನ್ನೋ ನಮ್ಮ ನಿಮ್ಮಂಥವರ ಬುದ್ಧಿವಂತಿಕೆ ಇಲ್ಲಿ ನಡೆಯಲ್ಲ.

ಅವರು ಮೇನ್ ಆಫ್ ಮಾಡಿ, ನ್ಯೂಟ್ರಲ್ ತಂತಿಗಳನ್ನೆಲ್ಲ ಪಟ್ಟಿಯಿಂದ ಬಿಚ್ಚಿ, ಒಂದೊಂದನ್ನೂ ಅರ್ಥಿನ ಜೊತೆ ಮೆಗ್ಗರಿನಲ್ಲಿ ಅಳೆದ್ರು. ನಾಲ್ಕನೇ ತಂತಿಯಲ್ಲಿ ಮುಳ್ಳು ಕೆಳಗೆ ಬಿತ್ತು. ಬಾಲ್ಕನಿಯ ದೀಪ. ನಾವು ತಿಂಗಳಾನುಗಟ್ಟಲೆ ಹಾಕದೇ ಇರೋ ದೀಪ. ಅದರ ಡಬ್ಬಿಯೊಳಗೆ ಮಳೆನೀರು. ಒರೆಸಿ, ಹೋಲ್ಡರ್ ಬದಲಾಯಿಸಿ, ಡಬ್ಬಿ ಸೀಲ್ ಮಾಡಿದ್ರು. ನಲವತ್ತು ನಿಮಿಷ. 'ಗೀಸರ್ ತಪ್ಪೇನಿಲ್ಲ ಸಾರ್, ಪಾಪ. ಜಾಸ್ತಿ ಕರೆಂಟ್ ಎಳೆಯುತ್ತಲ್ಲ, ಅದಕ್ಕೇ ಎಲ್ಲಾರೂ ಅದರ ಮೇಲೆ ಹೇಳೋದು' ಅಂದ್ರು.

ನಾನು ಓದಿದ್ದು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್. ಕಿರ್ಚಾಫನ ನಿಯಮ ಬರೆದೂ ಬರೆದೂ ಮಾರ್ಕ್ಸ್ ತಗೊಂಡವನು. ಅವರು ಮಾಡಿದ್ದೂ ಅದೇ ಕಿರ್ಚಾಫ್, ಆದ್ರೆ ಒದ್ದೆ ಗೋಡೆಯ ಮೇಲೆ. ಲೋಡ್ ಜಾಸ್ತಿಯಾದಾಗ ಬೀಳೋ ಸರ್ವಿಸ್ ಒಂದು, ಲೀಕ್ ಇರೋದು ಯಾರೂ ಮುಟ್ಟದ ಇನ್ನೊಂದರಲ್ಲಿ ಅನ್ನೋ ಬಗ್ ಹಿಡಿದವರನ್ನು ನಮ್ಮಲ್ಲಿ ಸೀನಿಯರ್ ಮಾಡ್ತೀವಿ. ಇವರಿಗೆ ಕೈಗೆ ಬರೋ ಸಂಬಳ ಇಪ್ಪತ್ತೆರಡು ಸಾವಿರ. ಇಪ್ಪತ್ತು ವರ್ಷದ ಅನುಭವಕ್ಕೆ.

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಐಟಿಐ ಅನ್ನೋದು ಬೈಗುಳ. 'ಸರಿಯಾಗಿ ಓದದಿದ್ರೆ ಐಟಿಐಗೆ ಹಾಕ್ತೀನಿ ನೋಡು' ಅಂತ ಹೆದರಿಸಿಯೇ ನನ್ನ ಎಸ್ಸೆಸ್ಸೆಲ್ಸಿ ಮುಗಿದಿದ್ದು. ಐಟಿಗೂ ಐಟಿಐಗೂ ಇರೋದು ಒಂದು 'ಐ' ವ್ಯತ್ಯಾಸ, ನಮ್ಮಪ್ಪ ಆ ಒಂದು ಅಕ್ಷರಕ್ಕೆ ಜಮೀನು ಅಡ ಇಟ್ಟ :-)

ಪರ್ಮಿಟ್ಟಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಬಲ್ಬು, ಫ್ಯಾನು, ಸ್ವಿಚ್ಚು ಬದಲಾಯಿಸೋದು ಬಿಟ್ಟು ಬೇರೆ ಯಾವುದೇ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರೋ ಕಂಟ್ರಾಕ್ಟರು, ಪರ್ಮಿಟ್ ಇರೋ ಕೆಲಸಗಾರರು ಮಾಡಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮದಲ್ಲೇ ಇತ್ತು. 2023ರಲ್ಲಿ ಹೊಸ ನಿಯಮಾವಳಿ ಬಂದಿದೆ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಪರ್ಮಿಟ್ ಕೊಡುತ್ತೆ. ನಮ್ಮ ಗೇಟಿನಲ್ಲಿ ಹೊಸದಾಗಿ ಬಂದ ಪ್ರತಿ ಕೆಲಸಗಾರನ ಆಧಾರ್, ಫೋಟೋ, ಪೊಲೀಸ್ ವೆರಿಫಿಕೇಶನ್ ಎಲ್ಲ ಕೇಳ್ತೀವಿ. ನಿಮ್ಮ ಹತ್ರ ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಯಾರಾದ್ರೂ ಒಬ್ಬರು ಕೇಳಿದ್ದು ನಾನು ಕಂಡಿಲ್ಲ. ಅವನು ಕಳ್ಳನಾ ಅಂತ ನೋಡ್ತೀವಿ, ಕೆಲಸ ಬರುತ್ತಾ ಅಂತ ನೋಡಲ್ಲ. ಬೀಗದವನಿಗಂತೂ ತೋರಿಸೋಣ ಅಂದ್ರೆ ಇಂಥದ್ದೊಂದು ಪರ್ಮಿಟ್ಟೂ ಇಲ್ಲ.

ಹೀಗಿರೋವಾಗ ಬಂತು ನಮ್ಮ ಅಸೋಸಿಯೇಶನ್ನಿನ ಮಹಾಪ್ರಸ್ತಾಪ. ಈಗಿರೋ ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಇಬ್ಬರನ್ನೂ ಬಿಡಿಸಿ, ಏಜೆನ್ಸಿ ಮೂಲಕ ಒಬ್ಬ 'ಮಲ್ಟಿ ಸ್ಕಿಲ್ಡ್ ಟೆಕ್ನಿಷಿಯನ್' ತಗೊಳ್ಳೋದು. ಕರೆಂಟು, ನೀರು, ಮರಗೆಲಸ, ಬೀಗ, ಪಂಪು, ಜನರೇಟರು, ಎಸ್‌ಟಿಪಿ ಎಲ್ಲ ಅವನದ್ದೇ. ಉಳಿತಾಯ ಫ್ಲ್ಯಾಟಿಗೆ ತಿಂಗಳಿಗೆ ನೂರಾ ನಲವತ್ತು ರೂಪಾಯಿ. ಒಂದು ದೊಡ್ಡ ಪಿಜ್ಜಾಕ್ಕೂ ಸಾಲಲ್ಲ! ಪ್ರಸ್ತಾಪ ಬರೆದವರು ಯಾವುದೋ ಬ್ಯಾಂಕಿಂಗ್ ಸಾಫ್ಟ್‌ವೇರಿನಲ್ಲಿ ಡೇಟಾಬೇಸ್ ಮಾತ್ರ ಮುಟ್ಟೋ ಮನುಷ್ಯ. ಅವರಿಗೆ ಫ್ರಂಟ್ ಎಂಡಿನ ಒಂದು ಬಟನ್ ಸರಿ ಮಾಡಿ ಅಂದ್ರೆ 'ಅದು ನನ್ನ ಸ್ಕಿಲ್‌ಸೆಟ್ ಅಲ್ಲ' ಅಂತಾರೆ.

ನಮ್ಮ ಪ್ಲಂಬರ್ ಹೋದ್ರೆ ಹೋಗೋದೇನು ಗೊತ್ತಾ? ಬಾತ್‌ರೂಮಿನಲ್ಲಿ ವಾಸನೆ ಅಂತ ಒಬ್ಬರು ಟೈಲ್ಸ್ ಒಡೆಸೋಕೆ ಹೊರಟಿದ್ರು. ಇವರು ನೋಡಿ, 'ಮೇಡಂ, ಈ ಬಾತ್‌ರೂಮ್ ಯಾರೂ ಬಳಸಲ್ಲ ಅಲ್ವಾ? ನಹಾನಿ ಟ್ರ್ಯಾಪಿನ ನೀರು ಒಣಗಿದೆ. ವಾರಕ್ಕೊಂದ್ಸಲ ಒಂದು ಚೊಂಬು ನೀರು ಸುರೀರಿ, ಸಾಕು' ಅಂತ ಹೇಳಿ ಏನೂ ತಗೊಳ್ಳದೆ ಹೋದ್ರು. ಆ ಒಂದು ಚೊಂಬು ನೀರು ಎಷ್ಟು ಸಾವಿರ ಉಳಿಸಿತು ಅಂತ ಪ್ರಸ್ತಾಪದ ಎಕ್ಸೆಲ್ಲಿನಲ್ಲಿ ಯಾವ ಕಾಲಮ್ಮಿನಲ್ಲಿದೆ?

ಆದ್ರೆ ನನ್ನ ನಿಜವಾದ ಭಯ ಪಟ್ಟಿಯ ಕೊನೇ ಪದ, ಎಸ್‌ಟಿಪಿ. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಸಂಸ್ಕರಣಾ ಘಟಕದಲ್ಲಿ ಮೂರು ಜನ ಉಸಿರುಗಟ್ಟಿ ಸತ್ತರು. ಕೊಳಚೆಯಲ್ಲಿ ಹುಟ್ಟೋ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತೆ; ಪ್ರಮಾಣ ಜಾಸ್ತಿಯಾದ್ರೆ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತೆ. ವಾಸನೆ ಕಡಿಮೆಯಾಯ್ತು, ಇಳಿಯಬಹುದು ಅಂದುಕೊಂಡ ಹೊತ್ತಿಗೆ ಒಳಗೆ ಕಾಲ ಕಾದಿರುತ್ತೆ. ಒಬ್ಬ ಬಿದ್ದ ಅಂತ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಬೀಳ್ತಾನೆ. 2013ರ ಕಾನೂನಿನ ಪ್ರಕಾರ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ, ನೇರವಾಗಿ ಆಗಲಿ ಸುತ್ತಿಬಳಸಿ ಆಗಲಿ, ಒಬ್ಬ ಮನುಷ್ಯನನ್ನು ಒಳಚರಂಡಿ, ಶೌಚಗುಂಡಿಗಳ ಅಪಾಯಕಾರಿ ಶುಚಿ ಕೆಲಸಕ್ಕೆ ಇಳಿಸೋ ಹಾಗಿಲ್ಲ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು.

ಯಾವ ಅಸೋಸಿಯೇಶನ್ನೂ 'ಗುಂಡಿಗೆ ಇಳಿ' ಅಂತ ಕಾಗದದಲ್ಲಿ ಬರೆಯಲ್ಲ. 'ಪಂಪ್ ಜಾಮ್ ಆಗಿದೆಯಂತೆ, ಸ್ವಲ್ಪ ನೋಡ್ಬಿಡಪ್ಪ' ಅಂತಾರೆ. ಪಂಪ್ ಎಲ್ಲಿದೆ? ಕೆಳಗಿದೆ. ಎಲೆಕ್ಟ್ರಿಷಿಯನ್ ಅಂತ ಹೆಸರು ಬರೆಸಿಕೊಂಡವನಿಗೆ 'ಸಾರ್, ಅದು ನನ್ನ ಕೆಲಸ ಅಲ್ಲ' ಅನ್ನೋಕೆ ಒಂದು ಬಾಯಿ ಇದೆ. 'ಮಲ್ಟಿ ಸ್ಕಿಲ್ಡ್' ಅಂತ ಬರೆಸಿಕೊಂಡವನಿಗೆ ಆ ಬಾಯಿಯನ್ನೇ ಕಿತ್ತುಕೊಂಡಿರ್ತೀವಿ. ನೂರಾ ನಲವತ್ತು ರೂಪಾಯಿಯ ಆ ಸಾಲನ್ನು ಓದಿದಾಗ ನನಗೆ ರಕ್ತ ಕುದ್ದಿದ್ದು ಇದಕ್ಕೇ.

ಸರಿ, ನಿಮ್ಮ ಆಕ್ಷೇಪಣೆ ನನಗೆ ಗೊತ್ತು. 'ಹೇಳಿದ ಟೈಮಿಗೆ ಬರಲ್ಲ, ಫೋನ್ ಎತ್ತಲ್ಲ, ಅರ್ಧ ಕೆಲಸ ಮಾಡಿ ನಾಳೆ ಬರ್ತೀನಿ ಅಂತ ಮಾಯ ಆಗ್ತಾರೆ.' ನಿಜ. ಹಸಿರು ಅರ್ಥ್ ತಂತಿಯನ್ನು ಫೇಸಿಗೆ ಎಳೆದವರನ್ನೂ ನಾನು ನೋಡಿದೀನಿ, ಮೈ ಝುಂ ಅನ್ನುತ್ತೆ. ಆದ್ರೆ ಒಳ್ಳೆಯವನು ಯಾರು, ಕೆಟ್ಟವನು ಯಾರು ಅಂತ ಗುರುತಿಸೋ ಗೋಜಿಗೇ ಹೋಗದೆ ಕಡಿಮೆ ರೇಟು ನೋಡಿ ಕೆಲಸ ಕೊಟ್ರೆ ಏನಾಗುತ್ತೆ? ಮೆಗ್ಗರ್ ಕೊಂಡವನು, ಪರ್ಮಿಟ್ ಮಾಡಿಸಿದವನು, ಒಳ್ಳೆ ತಂತಿ ಹಾಕೋನು ಹಾಕಿದ ದುಡ್ಡು ವಾಪಸ್ ಬರದೆ ಕಸುಬೇ ಬಿಡ್ತಾನೆ. ಟೆಸ್ಟರ್ ಒಂದೇ ಜೇಬಿನಲ್ಲಿಟ್ಟುಕೊಂಡು ಬರೋನು ಉಳೀತಾನೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಬರೆದ ಪ್ರಬಂಧದ ತಿರುಳು ಇದೇ, ಅದಕ್ಕೆ ಆಮೇಲೆ ನೊಬೆಲ್ಲೂ ಬಂತು. ನಾವೇ ಒಳ್ಳೆಯವರನ್ನು ಓಡಿಸಿ, ಆಮೇಲೆ ಒಳ್ಳೆಯವರೇ ಸಿಗಲ್ಲ ಅಂತ ಗೊಣಗೋದು. ಇನ್ನು ಟೈಮಿನ ವಿಷಯ. ಒಂದೊಂದು ಮನೆಯಲ್ಲೂ ನೂರು ಇನ್ನೂರು ಕಿತ್ತುಕೊಂಡ್ರೆ ಅವನು ದಿನಕ್ಕೆ ಒಂಬತ್ತು ಮನೆ ಒಪ್ಪಿಕೊಳ್ಳಲೇಬೇಕು, ಮೂರು ಮನೆಗೆ ಸುಳ್ಳು ಹೇಳಲೇಬೇಕು. ನಮ್ಮ ಯಾವ ರಿಲೀಸು ಹೇಳಿದ ತಾರೀಖಿಗೆ ಹೋಗಿದೆ, ಎದೆ ಮುಟ್ಟಿಕೊಂಡು ಹೇಳಿ?

'ಅದಕ್ಕೇ ಆ್ಯಪ್ ಬಂದಿದೆಯಲ್ಲ' ಅಂತೀರಾ? ಆ್ಯಪ್ ನಮಗೆ ಟೈಮಿಗೆ ಮನುಷ್ಯನನ್ನು ಕಳಿಸುತ್ತೆ, ಒಪ್ಪಿದೆ. ಆದ್ರೆ ನಾಲ್ಕು ಸ್ಟಾರ್ ಕೊಟ್ಟು ನಾವು ನಿದ್ದೆ ಮಾಡ್ತೀವಿ, ಅವನಿಗೆ ನಿದ್ದೆ ಬರಲ್ಲ. ಎಲಿಮೆಂಟ್ ಬದಲಾಯಿಸಿದ ಹುಡುಗನನ್ನು ನಾನು ಪೂರ್ತಿ ಬೈಯಲ್ಲ. ಅಷ್ಟು ಹೊತ್ತಿನೊಳಗೆ ಮುಗಿಸಬೇಕು ಅಂತ ಗಡಿಯಾರ ಓಡ್ತಿರೋವಾಗ ನ್ಯೂಟ್ರಲ್ ಬಿಚ್ಚಿ ಅಳೆಯೋ ಪುರುಸೊತ್ತು ಎಲ್ಲಿಂದ ಬರಬೇಕು? ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಆಯ್ತು, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿ ಮಾಡೋ ಅವಕಾಶ ಅದರಲ್ಲಿದೆ. ಒಳ್ಳೆಯ ಶುರು. ಆದ್ರೆ ನಮ್ಮ ಮನೆ ಬಾಗಿಲಲ್ಲಿ ನಾವು ಮಾಡೋ ಚೌಕಾಸಿಗೆ ಯಾವ ಕಾನೂನೂ ಇಲ್ಲ.

ನಾನು ಅಸೋಸಿಯೇಶನ್ನಿಗೆ ಉತ್ತರ ಬರೆದು ಕಳಿಸಿದೀನಿ. ಇಬ್ಬರೂ ಇರಲಿ, ಫ್ಲ್ಯಾಟಿಗೆ ನೂರು ರೂಪಾಯಿ ಜಾಸ್ತಿ ಹಾಕಿ ಅವರ ಸಂಬಳ ಏರಿಸಿ. ಯಾರ ಕೆಲಸ ಏನು ಅಂತ ಕಾಗದದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಎಸ್‌ಟಿಪಿಯನ್ನು ಯಂತ್ರ ಇಟ್ಟುಕೊಂಡಿರೋರಿಗೆ ಬೇರೆಯಾಗಿ ವಹಿಸಿ, ಅದರ ಮುಚ್ಚಳಕ್ಕೆ ಬೀಗ ಹಾಕಿ, ಬೀಗದಕೈ ಅಧ್ಯಕ್ಷರ ಹತ್ರ ಇರಲಿ. ಮನೆಯೊಳಗಿನ ಖಾಸಗಿ ಕೆಲಸಕ್ಕೆ ಕರೆದ್ರೆ ಬಂದಿದ್ದಕ್ಕೇ ಇಷ್ಟು, ಕೆಲಸಕ್ಕೆ ಬೇರೆ ಅಂತ ಒಂದು ದರಪಟ್ಟಿ ಮಾಡಿ. ಲಾಯರು, ಡಾಕ್ಟರು, ಕನ್ಸಲ್ಟೆಂಟು ಎಲ್ಲರಿಗೂ ಇರೋದು ಅದೇ. ಇದುವರೆಗೆ ಬೆಂಬಲಕ್ಕೆ ಬಂದವರು ನೂರಾ ಅರವತ್ತು ಮನೆಯಲ್ಲಿ ಹನ್ನೊಂದು. ಅದರಲ್ಲಿ ನಾಲ್ಕು ಜನ ರಿಟೈರ್ಡ್ ಮೇಷ್ಟ್ರುಗಳು. ಬರೋ ಭಾನುವಾರ ಸಭೆ, ಎಷ್ಟು ಬೈಗುಳ ಬಿತ್ತು ಅಂತ ಮುಂದೆ ಯಾವತ್ತಾದ್ರೂ ಬರೀತೀನಿ.

ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಏನಾದ್ರೂ ಬರೀತಿದ್ರೆ ಮೊದಲು ಸೇವ್ ಮಾಡ್ಕೊಳ್ಳಿ. ಎದ್ದು ಹೋಗಿ ಮನೆಯ ಕರೆಂಟಿನ ಪೆಟ್ಟಿಗೆ ತೆರೀರಿ, ಆರ್‌ಸಿಸಿಬಿ ಮೇಲೆ 'ಟಿ' ಅಂತ ಒಂದು ಸಣ್ಣ ಬಟನ್ ಇರುತ್ತೆ, ಕರೆಂಟು ಇರೋವಾಗಲೇ ಅದನ್ನು ಒತ್ತಿ. ಟಪ್ ಅಂತ ಬಿದ್ದು ಮನೆ ಕತ್ತಲಾದ್ರೆ ಸರಿ, ಮೇಲೆತ್ತಿ ಬಂದು ಓದೋದು ಮುಂದುವರೆಸಿ. ಬೀಳಲಿಲ್ಲ ಅಂದ್ರೆ, ಅಥವಾ ಅಂಥದ್ದೊಂದು ಬಟನ್ನೇ ಕಾಣಲಿಲ್ಲ ಅಂದ್ರೆ, ನಾಳೆ ಬೆಳಿಗ್ಗೆ ಪರ್ಮಿಟ್ ಇರೋ ವೈರ್‌ಮನ್ ಒಬ್ಬರನ್ನು ಹುಡುಕಿ ಕರೆಸಿ. ಎಷ್ಟು ಅಂತ ಅವರೇ ಹೇಳಲಿ.